ಅಡಿಕೆ, ಹೆಬ್ಬೆಟ್ಟು, ಮಲೇರಿಯಾ: ನಮ್ಮೂರಿನ ಬಿಗ್ ಡೇಟಾ

ಬಿಗ್ ಡೇಟಾ ಅಂದರೆ ಎಂತ ಅಂತ ವೈವಾದಲ್ಲಿ ಕೇಳಿದರೆ ನಾವೆಲ್ಲ ಒಂದೇ ಉಸಿರಿಗೆ ಮೂರು ‘ವಿ’ ಹೇಳಿ ಮುಗಿಸ್ತೇವೆ. ವಾಲ್ಯೂಮ್, ವೆಲಾಸಿಟಿ, ವೆರೈಟಿ. ಸ್ವಲ್ಪ ಜಾಸ್ತಿ ಓದಿದವರು ನಾಲ್ಕನೆಯದು, ಐದನೆಯದನ್ನೂ ಸೇರಿಸ್ತಾರೆ. ಮಾರ್ಕ್ಸ್ ಸಿಗುತ್ತದೆ, ವಿಷಯ ಮಾತ್ರ ತಲೆಗೆ ಇಳಿಯುವುದಿಲ್ಲ. ಉದಾಹರಣೆ ಕೊಡಿ ಅಂದರೆ ನೆಟ್‌ಫ್ಲಿಕ್ಸ್, ಅಮೆಜಾನ್. ಮೂಡುಬಿದಿರೆಯಲ್ಲಿ ಕೂತುಕೊಂಡು ಕ್ಯಾಲಿಫೋರ್ನಿಯಾದ ಉದಾಹರಣೆ ಹುಡುಕುವ ಅಗತ್ಯ ನಿಜವಾಗಿಯೂ ಇಲ್ಲ. ಆರೋಗ್ಯ, ಹಣಕಾಸು, ಸೈಬರ್ ಭದ್ರತೆ ಈ ಮೂರಕ್ಕೂ ನಮ್ಮ ಜಿಲ್ಲೆಯಲ್ಲೇ ಒಳ್ಳೆಯ ಉದಾಹರಣೆಗಳು ಉಂಟು.

ಅವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಕಂಡದ್ದು ಇಷ್ಟು: ಗಾತ್ರಕ್ಕಿಂತ ಜೋಡಣೆ ಮುಖ್ಯ. ಡಿಬಿಎಂಎಸ್‌ನಲ್ಲಿ ಜಾಯಿನ್ ಅಂತ ಕಲೀತೇವಲ್ಲ, ಎರಡು ಟೇಬಲ್‌ಗಳನ್ನು ಒಂದು ಕಾಲಂ ಹಿಡಿದು ಸೇರಿಸುವುದು, ಅದೇ. ರೋಗ ಎಲ್ಲಿ ಹಬ್ಬುತ್ತದೆ ಅಂತ ಗೊತ್ತಾಗುವುದು ಜಾಯಿನ್‌ನಿಂದ. ನಿಮ್ಮ ಅಪ್ಪನ ಖಾತೆಯಿಂದ ಹಣ ಹೋಗುವುದೂ ಜಾಯಿನ್‌ನಿಂದ. ಹೋದ ಹಣವನ್ನು ಹಿಡಿಯುವುದೂ ಜಾಯಿನ್‌ನಿಂದಲೇ. (ಬಿಗ್ ಡೇಟಾಕ್ಕೆ ‘ಮಹಾದತ್ತಾಂಶ’ ಅಂತ ಬರೆಯಬಹುದಿತ್ತು. ಬರೆದರೆ ನಾನೇ ಎರಡು ಸಲ ಓದಬೇಕಾಗುತ್ತದೆ, ಹಾಗಾಗಿ ಬೇಡ.)

ಮೊದಲು ಮಲೇರಿಯಾ. ಮಂಗಳೂರಿನಲ್ಲಿ ತೊಂಬತ್ತರ ದಶಕದಿಂದಲೂ ಮಲೇರಿಯಾ ಬಿಡದ ಕಾಟ. ಕಟ್ಟಡ ಕೆಲಸ ಜೋರು, ಅಲ್ಲಲ್ಲಿ ನಿಂತ ನೀರು, ಬೇರೆ ರಾಜ್ಯಗಳಿಂದ ಬಂದು ಹೋಗುವ ಕಾರ್ಮಿಕರು. ರಕ್ತ ಪರೀಕ್ಷೆಯ ವರದಿ ಕಾಗದದಲ್ಲಿ ಹೋಗಿ, ರಿಜಿಸ್ಟರಿಗೆ ಏರಿ, ಆರೋಗ್ಯ ಕಾರ್ಯಕರ್ತರು ಮನೆ ಹುಡುಕಿಕೊಂಡು ಹೋಗುವಷ್ಟರಲ್ಲಿ ಆ ಕಾರ್ಮಿಕ ಬೇರೆ ಸೈಟಿಗೆ ಹೋಗಿರುತ್ತಿದ್ದ. 2015ರ ಅಕ್ಟೋಬರ್‌ನಲ್ಲಿ ನಗರದಲ್ಲಿ ಹೊಸ ವ್ಯವಸ್ಥೆ ಬಂತು. ಕಾರ್ಯಕರ್ತರ ಕೈಗೆ ಜಿಪಿಎಸ್ ಇರುವ ಟ್ಯಾಬ್ ಕೊಟ್ಟರು. ಆಸ್ಪತ್ರೆಯಲ್ಲೋ ಲ್ಯಾಬಿನಲ್ಲೋ ಮಲೇರಿಯಾ ಅಂತ ಗೊತ್ತಾದ ಪ್ರಕರಣ ಸಾಫ್ಟ್‌ವೇರ್‌ಗೆ ಬಿದ್ದರೆ ಆ ಭಾಗದ ಕಾರ್ಯಕರ್ತರಿಗೆ ಸುದ್ದಿ ಹೋಗುತ್ತದೆ. ಅವರು ಮನೆಗೆ ಹೋಗಿ, ಸ್ಥಳವನ್ನು ನಕ್ಷೆಯಲ್ಲಿ ಗುರುತಿಸಿ, ಸುತ್ತಲಿನವರ ರಕ್ತ ಪರೀಕ್ಷೆ ಮಾಡಿ, ಸೊಳ್ಳೆ ಹುಟ್ಟುವ ಜಾಗ ನೋಡಿ, ಔಷಧಿ ಪೂರ್ತಿ ಆಗುವವರೆಗೆ ಬೆನ್ನು ಹಿಡಿಯಬೇಕು. ವೈವ್ಯಾಕ್ಸ್ ಮಲೇರಿಯಾಕ್ಕೆ 14 ದಿನ ಮಾತ್ರೆ ಉಂಟು. ನಾಲ್ಕನೇ ದಿನ ಜ್ವರ ಬಿಟ್ಟಿತು ಅಂತ ಮಾತ್ರೆಯನ್ನೂ ಬಿಟ್ಟರೆ, ಲಿವರ್‌ನಲ್ಲಿ ಅಡಗಿದ ರೋಗಾಣು ತಿಂಗಳುಗಳ ಮೇಲೆ ಮತ್ತೆ ಎದ್ದು ಬರುತ್ತದೆ.

ಮುಂದಿನ ವರ್ಷಗಳಲ್ಲಿ ನಗರದ ಮಲೇರಿಯಾ ಪ್ರಕರಣಗಳು ತುಂಬ ಇಳಿದವು. ಇಲ್ಲಿ ಗಮನಿಸಬೇಕಾದ್ದು, ಡೇಟಾ ಎಷ್ಟು ಇತ್ತು ಅಂತ. ವರ್ಷಕ್ಕೆ ಕೆಲವು ಸಾವಿರ ಪ್ರಕರಣ, ಅಷ್ಟೇ. ಒಂದು ಎಕ್ಸೆಲ್ ಶೀಟ್‌ನಲ್ಲಿ 10,48,576 ಸಾಲು ಹಿಡಿಯುತ್ತದೆ, ಹಲವು ವರ್ಷಗಳ ಮಲೇರಿಯಾ ಅದರ ಒಂದು ಮೂಲೆಗೂ ಸಾಲುವುದಿಲ್ಲ. ಹಡೂಪ್ ಬೇಡ, ಕ್ಲಸ್ಟರ್ ಬೇಡ. ರೋಗಿಯ ಟೇಬಲ್, ಸ್ಥಳದ ಟೇಬಲ್, ಕಾರ್ಯಕರ್ತರ ಟೇಬಲ್ ಮೂರೂ ಸರಿಯಾದ ಹೊತ್ತಿಗೆ ಸೇರಿದ್ದೇ ದೊಡ್ಡ ಕೆಲಸ. ಇದನ್ನು ಬಿಗ್ ಡೇಟಾ ಅಂತ ಕರೆಯಬಾರದು ಅಂತ ಯಾರಾದರೂ ವಾದ ಮಾಡಿದರೆ ನಾನು ಒಪ್ಪಿಕೊಳ್ತೇನೆ. ಆದರೆ ಬಿಗ್ ಡೇಟಾ ಅಂತ ಬೋರ್ಡ್ ಹಾಕಿದ ಬಹಳ ಪ್ರಾಜೆಕ್ಟ್‌ಗಳಿಗಿಂತ ಹೆಚ್ಚು ಉಪಕಾರ ಇದರಿಂದ ಆಗಿದೆ.

ಬೆಳ್ತಂಗಡಿಯವರಿಗೆ ಇನ್ನೊಂದು ಉದಾಹರಣೆ ಉಂಟು, ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ಈ ರೋಗ 1982-83ರ ಹೊತ್ತಿಗೆ ಬೆಳ್ತಂಗಡಿ ತಾಲೂಕಿನಲ್ಲಿ ದೊಡ್ಡದಾಗಿ ಹಬ್ಬಿತು. ಗೇರು ನೆಡಲಿಕ್ಕೆ ಕಾಡು ಕಡಿದ ಕಡೆ ಅದು ಶುರುವಾಯಿತು. ಹರಡುವುದು ಉಣುಗು. ಮಂಗ ಸತ್ತು ಬಿದ್ದರೆ ಹುಷಾರಾಗಬೇಕು ಅಂತ ಊರಿನವರು ಅನುಭವದಿಂದಲೇ ಕಲಿತರು. ಭಾರತ ಮತ್ತು ಬ್ರಿಟನ್‌ನ ಸಂಶೋಧಕರು ಒಟ್ಟಾಗಿ 2020ರಲ್ಲಿ ಒಂದು ಮಾಡೆಲ್ ಪ್ರಕಟಿಸಿದರು. ಮನುಷ್ಯರಿಗೆ ರೋಗ ಬಂದ ಜಾಗಗಳನ್ನು ಕಾಡಿನ ನಕ್ಷೆ, ತೋಟಗಳ ನಕ್ಷೆ, ದನಗಳ ಸಂಖ್ಯೆ ಇವುಗಳ ಜೊತೆ ಸೇರಿಸಿ ನೋಡಿದರು. ನಿತ್ಯಹರಿದ್ವರ್ಣ ಕಾಡೂ ತೋಟವೂ ಒಂದರೊಳಗೊಂದು ಸೇರಿಕೊಂಡಿರುವ, ಊರ ದನಗಳು ಜಾಸ್ತಿ ಇರುವ ಕಡೆ ಅಪಾಯ ಹೆಚ್ಚು ಅಂತ ಕಂಡಿತು. ಒಂದು ನಿಮಿಷ ಯೋಚಿಸಿ, ಇದು ಚಾರ್ಮಾಡಿ ಕಡೆಯ ಎಷ್ಟು ಮನೆಗಳ ಹಿತ್ತಲಿನ ವರ್ಣನೆ!

ಇಷ್ಟು ಓದಿದರೆ ಜಾಯಿನ್ ಅಂದರೆ ಪುಣ್ಯದ ಕೆಲಸ ಅಂತ ಅನಿಸಬಹುದು. ಅದರ ಇನ್ನೊಂದು ಮುಖವನ್ನು ಲೆಕ್ಕ ಹಾಕಿಯೇ ತೋರಿಸ್ತೇನೆ.

ಒಂದು ಆಸ್ಪತ್ರೆಯ ಡೇಟಾದಿಂದ ಹೆಸರು, ಫೋನ್ ನಂಬರ್ ಎಲ್ಲ ತೆಗೆದು, ಪಿನ್‌ಕೋಡ್, ಲಿಂಗ, ಹುಟ್ಟಿದ ತಾರೀಕು ಮೂರನ್ನು ಮಾತ್ರ ಇಟ್ಟು ಸಂಶೋಧನೆಗೆ ಕೊಟ್ಟರು ಅಂತ ಇಟ್ಟುಕೊಳ್ಳಿ. ಹೆಸರು ಇಲ್ಲವಲ್ಲ, ಸೇಫ್ ಅಲ್ವಾ? ಬಂಟ್ವಾಳದ ಒಳಗಿನ ಒಂದು ಪಿನ್‌ಕೋಡ್‌ನಲ್ಲಿ 5,000 ಜನ ಅಂತ ಹಿಡಿಯಿರಿ. ಅರ್ಧ ಹೆಂಗಸರು, 2,500. ಎಪ್ಪತ್ತು ವರ್ಷಗಳಲ್ಲಿ ಒಟ್ಟು ಸುಮಾರು 25,550 ತಾರೀಕುಗಳು. 2,500 ಜನರನ್ನು 25,550 ಪೆಟ್ಟಿಗೆಗಳಿಗೆ ಹಂಚಿದರೆ, ನಿಮ್ಮ ಪೆಟ್ಟಿಗೆಯಲ್ಲಿ ನೀವೊಬ್ಬರೇ ಇರುವ ಸಾಧ್ಯತೆ ಶೇಕಡಾ 90ರಷ್ಟು. ಅಂದರೆ ಹತ್ತರಲ್ಲಿ ಒಂಬತ್ತು ಜನ ಹೆಸರಿಲ್ಲದೆಯೂ ಸಿಕ್ಕಿಬಿದ್ದರು. ಅದೇ ಮೂರು ಕಾಲಂ ಇರುವ ಇನ್ನೊಂದು ಪಟ್ಟಿ, ಹೆಸರು ಸಮೇತ ಇರುವಂಥದ್ದು, ಒಬ್ಬರ ಕೈಗೆ ಸಿಕ್ಕಿದರೆ ಮುಗಿಯಿತು. ಅಮೆರಿಕದಲ್ಲಿ ಲಟಾನ್ಯಾ ಸ್ವೀನಿ 2000ದಲ್ಲಿ ಇದೇ ಥರ ಲೆಕ್ಕ ಮಾಡಿ, ಅಲ್ಲಿನ ಶೇಕಡಾ 87 ಜನರನ್ನು ಈ ಮೂರರಿಂದಲೇ ಗುರುತಿಸಬಹುದು ಅಂತ ತೋರಿಸಿದ್ದರು. ನಮ್ಮಂಥ ಸಣ್ಣ ಊರುಗಳಲ್ಲಿ ಪರಿಸ್ಥಿತಿ ಇನ್ನೂ ಸೂಕ್ಷ್ಮ. ಯಾರಿಗೆ ಯಾವ ಕಾಯಿಲೆ ಅಂತ ಹೊರಗೆ ಬಂದರೆ ಸಂಜೆಯೊಳಗೆ ಬಸ್ ಸ್ಟ್ಯಾಂಡಿನಲ್ಲಿ ಸುದ್ದಿ.

ಈಗ ಹಣದ ವಿಷಯಕ್ಕೆ ಬರುವ. ಇಲ್ಲಿ ಜಾಯಿನ್ ಮಾಡಿದ್ದು ಕಳ್ಳರು.

2023ರಲ್ಲಿ ಮಂಗಳೂರು, ಬೆಂಗಳೂರು ಕಡೆಗಳಲ್ಲಿ ಒಂದು ವಿಚಿತ್ರ ದೂರು ಸಾಲಾಗಿ ಬರಲಿಕ್ಕೆ ಶುರುವಾಯಿತು. ಓಟಿಪಿ ಯಾರಿಗೂ ಹೇಳಿಲ್ಲ, ಲಿಂಕ್ ಒತ್ತಿಲ್ಲ, ಕಾರ್ಡ್ ಕಳೆದಿಲ್ಲ. ಆದರೂ ಖಾತೆಯಿಂದ ಹತ್ತು ಸಾವಿರದ ಒಳಗಿನ ಮೊತ್ತ ಹೋಗಿದೆ ಅಂತ ಮೆಸೇಜ್. ಇವರಲ್ಲಿ ಬಹಳ ಜನ ಸ್ವಲ್ಪ ಸಮಯದ ಹಿಂದೆ ಜಾಗದ ನೋಂದಣಿ ಮಾಡಿಸಿಕೊಂಡವರು.

ಹಣ ಹೋದ ದಾರಿ ಎಇಪಿಎಸ್, ಅಂದರೆ ಆಧಾರ್ ಮೂಲಕ ಹಣ ತೆಗೆಯುವ ವ್ಯವಸ್ಥೆ. ಎಟಿಎಂ ಇಲ್ಲದ ಹಳ್ಳಿಗಳಿಗಾಗಿ ಮಾಡಿದ್ದು, ಉದ್ದೇಶ ಒಳ್ಳೆಯದೇ. ಬ್ಯಾಂಕ್ ಮಿತ್ರರ ಹತ್ತಿರ ಸಣ್ಣ ಮಿಷಿನ್ ಇರುತ್ತದೆ. ಆಧಾರ್ ನಂಬರ್ ಹೇಳಿ, ಬ್ಯಾಂಕ್ ಹೆಸರು ಹೇಳಿ, ಬೆರಳು ಇಡಿ, ಹಣ ಕೈಗೆ. ಪಿನ್ ಇಲ್ಲ, ಓಟಿಪಿ ಇಲ್ಲ. ಒಂದು ಸಲಕ್ಕೆ 10,000 ರೂಪಾಯಿ ಮಿತಿ. ಈಗ ಒಂದು ಕ್ರಯಪತ್ರ ತೆಗೆದು ನೋಡಿ. ಕೊಡುವವರ, ಕೊಳ್ಳುವವರ ಆಧಾರ್ ನಂಬರ್ ಅದರಲ್ಲಿ ಇರುತ್ತಿತ್ತು. ಹೆಬ್ಬೆಟ್ಟಿನ ಗುರುತು ಇರುತ್ತಿತ್ತು. ಹಣ ಯಾವ ಬ್ಯಾಂಕಿನ ಚೆಕ್ ಮೂಲಕ ಸಂದಾಯ ಆಯಿತು ಅಂತಲೂ ಬರೆಯುವ ರೂಢಿ. ಮೂರೂ ಒಂದೇ ಕಾಗದದಲ್ಲಿ! ಜಾಯಿನ್ ಮಾಡುವ ಕಷ್ಟವೂ ಇಲ್ಲ, ಟೇಬಲ್ ಮೊದಲೇ ಸೇರಿಸಿ ಇಟ್ಟ ಹಾಗೆ. ಆ ಕಾಗದ ಆನ್‌ಲೈನ್‌ನಲ್ಲಿ ಪ್ರತಿ ಸಿಗುವ ಹಾಗಾದ ಮೇಲೆ ಕಳ್ಳರು ಡೌನ್‌ಲೋಡ್ ಮಾಡಿ, ಬೆರಳಚ್ಚಿನ ಚಿತ್ರದಿಂದ ರಬ್ಬರಿನಂಥ ನಕಲಿ ಬೆರಳು ತಯಾರಿಸಿ, ದೂರದ ರಾಜ್ಯದಲ್ಲಿ ಕೂತು ಹಣ ತೆಗೆದರು. ಆ ವರ್ಷದ ಕೊನೆಗೆ ಮಂಗಳೂರು ಪೊಲೀಸರು ಬಿಹಾರದಿಂದ ಆರೋಪಿಗಳನ್ನು ಬಂಧಿಸಿದರು. ರಾಜ್ಯ ಸರಕಾರ ನೋಂದಣಿ ದಾಖಲೆಗಳ ಪ್ರತಿಯಲ್ಲಿ ಬೆರಳಚ್ಚು, ಆಧಾರ್ ಕಾಣದ ಹಾಗೆ ಮುಚ್ಚುವ ಕ್ರಮಕ್ಕೆ ಬಂತು.

ಪಾಸ್‌ವರ್ಡ್ ಕದ್ದರೆ ಬದಲಾಯಿಸಬಹುದು. ಹೆಬ್ಬೆಟ್ಟು ಕದ್ದರೆ? ಬದಲಾಯಿಸಲಿಕ್ಕೆ ಒಟ್ಟು ಹತ್ತೇ ಬೆರಳು.

ಇದನ್ನು ತಡೆಯಲಿಕ್ಕೆ ಬಿಗ್ ಡೇಟಾ ಏನೂ ಮಾಡಲಿಲ್ಲವಾ ಅಂತ ಕೇಳಬಹುದು. ಮಾಡಿತ್ತು. 2023ರ ಫೆಬ್ರವರಿಯಲ್ಲೇ ಆಧಾರ್ ಪ್ರಾಧಿಕಾರ ಮಷಿನ್ ಲರ್ನಿಂಗ್ ಆಧಾರದ ಹೊಸ ಪರೀಕ್ಷೆ ತಂದಿತ್ತು. ಮೊದಲು ಬೆರಳಿನ ರೇಖೆಗಳ ತಿರುವು, ಕವಲುಗಳನ್ನು ಮಾತ್ರ ಹೋಲಿಸುತ್ತಿದ್ದರು. ಹೊಸದರಲ್ಲಿ ಬೆರಳಿನ ಪೂರ್ತಿ ಚಿತ್ರವನ್ನೂ ನೋಡಿ, ಅದು ಜೀವಂತ ಬೆರಳಾ ನಕಲಿಯಾ ಅಂತ ಅಂದಾಜು ಮಾಡ್ತಾರೆ. ಹಾಗಿದ್ದೂ ಆ ವರ್ಷವೇ ಹಣ ಹೋಯಿತು. ಯಾಕೆ ಅಂತ ಅರ್ಥ ಆಗಬೇಕಾದರೆ ಬಂಟ್ವಾಳದ ಬೀಡಿ ಕಟ್ಟುವ ಅಜ್ಜಿಯನ್ನು ನೆನಪು ಮಾಡಿಕೊಳ್ಳಿ. ನಲವತ್ತು ವರ್ಷ ಎಲೆ ಸುತ್ತಿದ ಬೆರಳು, ರೇಖೆಗಳು ಸವೆದು ನಯ ಆಗಿವೆ. ರೇಷನ್ ಅಂಗಡಿಯಲ್ಲಿ ನಾಲ್ಕು ಸಲ ಒತ್ತಿದರೂ ಮಿಷಿನ್ ಒಪ್ಪುವುದಿಲ್ಲ, ಹಿಂದೆ ನಿಂತವರು ಗೊಣಗುತ್ತಾರೆ. ಪರೀಕ್ಷೆಯನ್ನು ಬಿಗಿ ಮಾಡಿದರೆ ನಕಲಿ ಬೆರಳು ಹೊರಗೆ, ಜೊತೆಗೆ ಅಜ್ಜಿಯೂ ಹೊರಗೆ. ಸಡಿಲ ಮಾಡಿದರೆ ಅಜ್ಜಿಗೆ ಅಕ್ಕಿ ಸಿಗುತ್ತದೆ, ಕಳ್ಳನಿಗೆ ಹಣ. ಥ್ರೆಶೋಲ್ಡ್ ಅನ್ನುವ ಒಂದು ನಂಬರ್ ಎಲ್ಲಿ ಇಡಬೇಕು ಅನ್ನುವುದನ್ನು ನಾವು ಅಸೈನ್‌ಮೆಂಟಿನಲ್ಲಿ 0.5 ಅಂತ ಬರೆದು ಮುಂದೆ ಹೋಗ್ತೇವೆ.

ಬೆರಳು ಒಂದನ್ನೇ ನಂಬದೆ ವ್ಯವಹಾರದ ನಡವಳಿಕೆ ನೋಡುವುದು ಇನ್ನೊಂದು ದಾರಿ. ಬ್ಯಾಂಕುಗಳ ಫ್ರಾಡ್ ಪತ್ತೆ ವ್ಯವಸ್ಥೆ ಮಾಡುವುದು ಇದನ್ನೇ. ಬೆಳಿಗ್ಗೆ ಹತ್ತು ಗಂಟೆಗೆ ಬಿ.ಸಿ. ರೋಡಿನ ಹೋಟೆಲಿನಲ್ಲಿ ಯುಪಿಐ ಮಾಡಿದ ಖಾತೆಯಿಂದ ಹತ್ತೂ ಕಾಲಿಗೆ ಬಿಹಾರದಲ್ಲಿ ಬೆರಳು ಒತ್ತಿ ಹಣ ತೆಗೆಯಲು ಆಗುವುದಿಲ್ಲ. ಎರಡೂ ಸಾಲುಗಳು ಒಂದೇ ಬ್ಯಾಂಕಿನ ಕೈಯಲ್ಲಿ ಇರುತ್ತವೆ, ಸೇರಿಸಿ ನೋಡಿದರೆ ಮಗುವಿಗೂ ಗೊತ್ತಾಗುವಂಥದ್ದು.

ಕೇಳಲಿಕ್ಕೆ ಸುಲಭ. ಈಗ ನಿಜವಾದ ವಾಲ್ಯೂಮ್ ನೋಡುವ. 2025ರ ಆಗಸ್ಟ್‌ನಲ್ಲಿ ಯುಪಿಐ ವ್ಯವಹಾರಗಳು ಮೊದಲ ಬಾರಿಗೆ ತಿಂಗಳಿಗೆ 2,000 ಕೋಟಿ ದಾಟಿದವು. ದಿನಕ್ಕೆ 60 ಕೋಟಿ ಅಂತ ಹಿಡಿಯಿರಿ. ಲಕ್ಷಕ್ಕೆ ಒಂದು ಮೋಸ ಅಂತ ಬರೀ ಲೆಕ್ಕಕ್ಕಾಗಿ ಇಟ್ಟುಕೊಂಡರೆ ದಿನಕ್ಕೆ 6,000 ಮೋಸ. ನಿಮ್ಮ ಮಾಡೆಲ್ ನೂರಕ್ಕೆ 99 ಮೋಸಗಳನ್ನು ಹಿಡಿಯುತ್ತದೆ, ಸರಿಯಾದ ವ್ಯವಹಾರಗಳಲ್ಲಿ ನೂರಕ್ಕೆ ಒಂದನ್ನು ಮಾತ್ರ ತಪ್ಪಾಗಿ ಮೋಸ ಅನ್ನುತ್ತದೆ. ಪ್ರಾಜೆಕ್ಟ್ ಎಕ್ಸಿಬಿಷನ್‌ನಲ್ಲಿ ಇದಕ್ಕೆ ಫಸ್ಟ್ ಪ್ರೈಜ್ ಗ್ಯಾರಂಟಿ. ನಿಜ ಜೀವನದಲ್ಲಿ ದಿನಕ್ಕೆ 5,940 ಕಳ್ಳರ ಜೊತೆಗೆ 60 ಲಕ್ಷ ನಿರಪರಾಧಿಗಳ ಪಾವತಿ ನಿಲ್ಲುತ್ತದೆ. ಸಾವಿರ ಅಲಾರಂ ಹೊಡೆದರೆ ಒಂದು ನಿಜ. ಹಾಗಾಗಿ ಅಕ್ಯುರಸಿ ಇಷ್ಟು ಅಂತ ಯಾರಾದರೂ ಹೇಳಿದರೆ, ಸಾವಿರ ಅಲಾರಂಗೆ ಎಷ್ಟು ನಿಜ ಅಂತ ಕೇಳಿ. ಉತ್ತರ ಬರುವುದಿಲ್ಲ, ಹೆಚ್ಚಾಗಿ ನಗು ಬರುತ್ತದೆ.

ಆ 60 ಲಕ್ಷದಲ್ಲಿ ಯಾರು ಇರ್ತಾರೆ ಅನ್ನುವುದು ನನಗೆ ಇನ್ನೂ ಮುಖ್ಯ ಅನಿಸುವ ಪ್ರಶ್ನೆ. ‘ಸಹಜ’ ಅಂದರೆ ಎಂತದು ಅಂತ ಮಾಡೆಲ್ ಕಲಿಯುವುದು ಹಳೆಯ ಡೇಟಾದಿಂದ. ನಗರದ ಸಂಬಳದಾರರ ಡೇಟಾವೇ ಜಾಸ್ತಿ ಇದ್ದರೆ, ತಿಂಗಳ ಮೊದಲ ದಿನ ಹಣ ಬರುವುದು, ಐದಕ್ಕೆ ಇಎಂಐ, ವಾರಾಂತ್ಯಕ್ಕೆ ಊಟ, ಇದೇ ಸಹಜ. ಬೆಳ್ತಂಗಡಿಯ ಅಡಿಕೆ ಕೃಷಿಕರ ಖಾತೆ ಹಾಗೆ ಇರುವುದಿಲ್ಲ. ತಿಂಗಳುಗಟ್ಟಲೆ ಖಾತೆ ಮಲಗಿರುತ್ತದೆ. ರೇಟ್ ಏರುವವರೆಗೆ ಅಡಿಕೆ ಅಟ್ಟದಲ್ಲಿ. ಒಂದು ದಿನ ಗೋಣಿ ಇಳಿಸಿ ಕ್ಯಾಂಪ್ಕೋಗೋ ಅಂಗಡಿಗೋ ಕೊಟ್ಟರೆ ನಾಲ್ಕು ಲಕ್ಷ ಒಟ್ಟಿಗೆ ಜಮೆ, ಮರುದಿನ ಗೊಬ್ಬರ, ಕೂಲಿ, ಮಗಳ ಕಾಲೇಜು ಫೀಸು ಅಂತ ಅರ್ಧ ಖಾಲಿ. ನಿದ್ದೆಯಲ್ಲಿದ್ದ ಖಾತೆಗೆ ದೊಡ್ಡ ಮೊತ್ತ ಬಂದು ಕೂಡಲೇ ಚದುರಿ ಹೋಗುವುದು ಪುಸ್ತಕದ ಪ್ರಕಾರ ಮೋಸದ ಲಕ್ಷಣ, ನಮ್ಮಲ್ಲಿ ಅದು ಮಳೆಗಾಲದ ಮುಂಚಿನ ವಾರ. ದುಬೈಯಲ್ಲಿರುವ ಮಗನ ಎಟಿಎಂ ಕಾರ್ಡ್ ಮೂಡುಬಿದಿರೆಯ ಅಮ್ಮನ ಪರ್ಸಿನಲ್ಲಿ ಇರುತ್ತದೆ. ಅವನು ಅಲ್ಲಿಂದ ನೆಟ್ ಬ್ಯಾಂಕಿಂಗ್ ಮಾಡಿದ ಗಂಟೆಯಲ್ಲೇ ಅಮ್ಮ ಇಲ್ಲಿ ಹಣ ತೆಗೀತಾರೆ. ನಾನು ಮೇಲೆ ಮಗುವಿಗೂ ಗೊತ್ತಾಗುತ್ತದೆ ಅಂದ ರೂಲ್ ಇವರನ್ನು ಕಳ್ಳರು ಅನ್ನುತ್ತದೆ. (ಕಾರ್ಡ್ ಹಾಗೆ ಕೊಡಬಾರದು ಅಂತ ಬ್ಯಾಂಕ್ ಹೇಳುತ್ತದೆ. ಅಮ್ಮನಿಗೆ ಹೇಳುವವರು ಯಾರು?)

ಇದೇ ಕರಾವಳಿಯಲ್ಲಿ 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಪಿಗ್ಮಿ ಠೇವಣಿ ಶುರುಮಾಡಿದ್ದರು. ಏಜೆಂಟ್ ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹ ಮಾಡುವುದು. ಯಾರ ಮನೆಯಲ್ಲಿ ಯಾವ ತಿಂಗಳು ಕಷ್ಟ, ಯಾರಿಗೆ ಯಾವಾಗ ಹಣ ಬರುತ್ತದೆ ಅಂತ ಆ ಏಜೆಂಟ್‌ಗೆ ಬಾಯಿಪಾಠ. ಅವನಿಗೆ ನೂರು ಮನೆ ಮಾತ್ರ ಗೊತ್ತಿತ್ತು, ಚೆನ್ನಾಗಿ ಗೊತ್ತಿತ್ತು. ಮಾಡೆಲ್‌ಗೆ ಕೋಟಿ ಖಾತೆ ಗೊತ್ತು, ಅಡಿಕೆ ಗೊತ್ತಿಲ್ಲ. ಬೆಳೆಯ ಕಾಲ, ಮಾರುಕಟ್ಟೆ ದರ ಇವುಗಳನ್ನೂ ಫೀಚರ್ ಆಗಿ ಸೇರಿಸಬಹುದು, ಕಷ್ಟದ ಕೆಲಸ ಏನಲ್ಲ. ಸೇರಿಸಬೇಕು ಅಂತ ಹೊಳೆಯಬೇಕಾದರೆ ಅಟ್ಟದ ಅಡಿಕೆ ನೋಡಿದವರು ಒಬ್ಬರಾದರೂ ಆ ಟೀಮಿನಲ್ಲಿ ಇರಬೇಕು.

ಕಳ್ಳರನ್ನು ಹಿಡಿಯುವ ಬದಿಯಲ್ಲೂ ಜೋಡಣೆಯೇ ಕಷ್ಟ. ಮೂಡುಬಿದಿರೆ ಠಾಣೆ ಮಂಗಳೂರು ಪೊಲೀಸ್ ಕಮಿಷನರೇಟ್‌ಗೆ ಸೇರಿದ್ದು, ಬಂಟ್ವಾಳ ಮತ್ತು ಬೆಳ್ತಂಗಡಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯವರ ವ್ಯಾಪ್ತಿ. ಮೂರು ಕಡೆ ಒಂದೊಂದು ಹತ್ತು ಸಾವಿರದ ದೂರು ಬಂದರೆ ಮೂರೂ ಸಣ್ಣ ಕೇಸು. ಮೂರರ ಹಿಂದೆಯೂ ಒಂದೇ ಮಿಷಿನ್ ಇದೆ ಅಂತ ಕಾಣಬೇಕಾದರೆ ದೂರುಗಳು ಒಂದೇ ಜಾಗದಲ್ಲಿ ಸೇರಬೇಕು. 1930 ಸಹಾಯವಾಣಿ ಮತ್ತು ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲ್ ಇರುವುದು ಇದಕ್ಕೂ ಸೇರಿ. ಹತ್ತು ಸಾವಿರ ತಾನೇ, ಪೊಲೀಸ್ ಉಸಾಬರಿ ಯಾಕೆ ಅಂತ ಸುಮ್ಮನಿದ್ದರೆ ಆ ಟೇಬಲ್‌ನಲ್ಲಿ ಒಂದು ಸಾಲು ಕಡಿಮೆ.

ಇಲ್ಲಿ ನಮ್ಮ ಕ್ಯಾಂಪಸ್‌ಗೆ ನೇರ ಸಂಬಂಧಪಟ್ಟ ವಿಷಯ ಬರುತ್ತದೆ. ಕದ್ದ ಹಣ ಕಳ್ಳನ ಸ್ವಂತ ಖಾತೆಗೆ ಹೋಗುವುದಿಲ್ಲ. ಬಾಡಿಗೆ ಖಾತೆಗಳಿಗೆ ಹೋಗುತ್ತದೆ, ಇದಕ್ಕೆ ಮ್ಯೂಲ್ ಅಕೌಂಟ್ ಅಂತ ಹೆಸರು. ಟೆಲಿಗ್ರಾಂನಲ್ಲಿ ಪಾರ್ಟ್ ಟೈಮ್ ಕೆಲಸ ಅಂತ ಮೆಸೇಜ್ ಬರುತ್ತದೆ. ನಿಮ್ಮ ಖಾತೆಗೆ ಬಂದ ಹಣವನ್ನು ಮುಂದೆ ಕಳಿಸಿ, ಕಮಿಷನ್ ಇಟ್ಟುಕೊಳ್ಳಿ. ಪಾಕೆಟ್ ಮನಿ ಸಾಲದ ವಿದ್ಯಾರ್ಥಿಯೇ ಅವರ ಗುರಿ. ಡೇಟಾ ಸ್ಟ್ರಕ್ಚರ್ಸ್‌ನಲ್ಲಿ ಕಲಿತ ಗ್ರಾಫ್ ನೆನಪಿದ್ದರೆ ಮುಂದಿನದ್ದು ಸುಲಭ. ಖಾತೆಗಳು ನೋಡ್, ವರ್ಗಾವಣೆಗಳು ಎಡ್ಜ್. ಹತ್ತು ಕಡೆಯಿಂದ ಒಳಗೆ ಬಂದು ಕೆಲವೇ ನಿಮಿಷಗಳಲ್ಲಿ ಐದು ಕಡೆಗೆ ಹೊರಗೆ ಹೋಗುವ, ಉಳಿದಂತೆ ಒಂದು ಮೊಬೈಲ್ ರೀಚಾರ್ಜ್ ಕೂಡ ಮಾಡದ ನೋಡ್ ಗ್ರಾಫಿನಲ್ಲಿ ಎದ್ದು ಕಾಣುತ್ತದೆ. ರಿಸರ್ವ್ ಬ್ಯಾಂಕಿನ ಇನ್ನೋವೇಶನ್ ಹಬ್ ಇರುವುದು ಬೆಂಗಳೂರಿನಲ್ಲಿ. ಅವರು ತಯಾರಿಸಿದ ‘ಮ್ಯೂಲ್ ಹಂಟರ್’ ಅನ್ನು 2024ರ ಡಿಸೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಪ್ರಕಟಿಸಿತು. ಮ್ಯೂಲ್ ಖಾತೆಗಳನ್ನು ಹುಡುಕುವುದೇ ಅದರ ಕೆಲಸ. ದೂರು ಬಂದ ಮೇಲೆ ಹಣ ಹೋದ ದಾರಿಯನ್ನು ಹಂತ ಹಂತವಾಗಿ ಹಿಡಿದು ಖಾತೆಗಳನ್ನು ಫ್ರೀಜ್ ಮಾಡ್ತಾರೆ, ನಾವು ಬ್ರೆಡ್ತ್ ಫಸ್ಟ್ ಸರ್ಚ್ ಬರೆದ ಹಾಗೆಯೇ. ಮೊದಲ ಹಂತದಲ್ಲಿ ಸಿಗುವುದು ಬಾಡಿಗೆ ಕೊಟ್ಟವನು. ನನಗೆ ಗೊತ್ತಿರಲಿಲ್ಲ ಅಂದರೆ ಠಾಣೆಯಲ್ಲಿ ಯಾರೂ ಕೂಡಲೇ ನಂಬುವುದಿಲ್ಲ. ಕ್ಯಾಂಪಸ್ ಪ್ಲೇಸ್‌ಮೆಂಟ್ ಹೊತ್ತಿಗೆ ಎಫ್ಐಆರ್‌ನಲ್ಲಿ ಹೆಸರು ಇದ್ದರೆ ಏನಾಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಎರಡು ಮೂರು ಹಂತ ದಾಟಿದರೆ ಅದೇ ಹಣದಲ್ಲಿ ಚಾ ಕುಡಿಸಿದ ಅಂಗಡಿಯವರ ಖಾತೆಯೂ ಫ್ರೀಜ್ ಆಗುವುದುಂಟು. ಅವರು ಮಾಡಿದ ತಪ್ಪು ಕ್ಯೂಆರ್ ಕೋಡ್ ಅಂಟಿಸಿದ್ದು ಮಾತ್ರ.

ಕಡೆಗೆ, ಈ ವಾರ ಊರಿಗೆ ಹೋದಾಗ ಮಾಡಬಹುದಾದ ಕೆಲಸ. ಆಧಾರ್ ಪ್ರಾಧಿಕಾರದ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಅಂತ ಉಂಟು. ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ ಓಟಿಪಿ ಬರುತ್ತದೆ, ಎರಡು ನಿಮಿಷದ ಕೆಲಸ. ಲಾಕ್ ಆದ ಮೇಲೆ ನಕಲಿ ಬೆರಳು ಮಾತ್ರ ಅಲ್ಲ, ಅಸಲಿ ಬೆರಳೂ ನಡೆಯುವುದಿಲ್ಲ. ಬೇಕಾದಾಗ ಹತ್ತು ನಿಮಿಷಕ್ಕೆ ತೆಗೆದು ಬಳಸಬಹುದು, ಮತ್ತೆ ತಾನೇ ಲಾಕ್ ಆಗುತ್ತದೆ. ಹಣ ಹೋಗಿಯೇ ಬಿಟ್ಟಿದ್ದರೆ ಕೂಡಲೇ 1930ಕ್ಕೆ ಫೋನ್, ಜೊತೆಗೆ ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು. ತಪ್ಪು ಗ್ರಾಹಕರದ್ದೂ ಬ್ಯಾಂಕಿನದ್ದೂ ಅಲ್ಲದ ಇಂಥ ಪ್ರಕರಣವನ್ನು ಮೂರು ಕೆಲಸದ ದಿನಗಳ ಒಳಗೆ ತಿಳಿಸಿದರೆ ಗ್ರಾಹಕರ ಹೊಣೆ ಶೂನ್ಯ ಅಂತ ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆ ಹೇಳಿತ್ತು. ಈಗ ಜಾರಿಯಲ್ಲಿರುವ ನಿಯಮದ ಪ್ರತಿ ಕೈಯಲ್ಲಿ ಹಿಡಿದುಕೊಂಡೇ ಬ್ಯಾಂಕಿಗೆ ಹೋಗುವುದು ಒಳ್ಳೆಯದು.

ಅಪ್ಪ ಅಮ್ಮನದ್ದು ಧೈರ್ಯವಾಗಿ ಲಾಕ್ ಮಾಡಿ. ಅಜ್ಜಿಯದ್ದು ಮಾಡುವ ಮುಂಚೆ ಮಾತ್ರ ಮನೆಗೆ ರೇಷನ್ ತರುವುದು ಯಾರು ಅಂತ ಕೇಳಿಕೊಳ್ಳಿ. ಅಂಗಡಿಯಲ್ಲಿ ಒತ್ತುವುದು ಅಜ್ಜಿಯ ಬೆರಳೇ ಆದರೆ, ಅನ್‌ಲಾಕ್ ಮಾಡುವ ಮೊಬೈಲ್ ಹಾಸ್ಟೆಲಿನಲ್ಲಿ ನಿಮ್ಮ ಕೈಯಲ್ಲಿ ಇದ್ದರೆ ಆ ತಿಂಗಳ ಅಕ್ಕಿ ಅಂಗಡಿಯಲ್ಲೇ ಉಳಿಯುತ್ತದೆ.